ಗಡ್ಡೆಗೆ ಊಟ ನಿಲ್ಲಿಸಿದ ಮೂರು ತಿಂಗಳು

ಕೆಲಸದಿಂದ ನಿವೃತ್ತಿಯಾಗಿ ಮನೆಯಲ್ಲಿ ಕೂತ ಮೇಲೂ, ಹೊಸದಾಗಿ ಸರ್ಕಾರಿ ಆಸ್ಪತ್ರೆಗೆ ಸೇರಿದ ಲೇಡಿ ಡಾಕ್ಟರುಗಳು ನನಗೆ ಆಗಾಗ ಫೋನ್ ಮಾಡುತ್ತಾರೆ. ಹೆರಿಗೆಯ ವಿಷಯ ಕೇಳುವವರು ಕಡಿಮೆ. ಅದನ್ನು ಅವರು ಕಾಲೇಜಿನಲ್ಲೇ ಸಾಕಷ್ಟು ನೋಡಿರುತ್ತಾರೆ. ಅವರಿಗೆ ತಲೆನೋವಾಗುವುದು ಗರ್ಭಕೋಶದ ಗಡ್ಡೆ. “ಮೇಡಂ, ಇಷ್ಟು ವಯಸ್ಸು, ಇಷ್ಟು ದೊಡ್ಡ ಫೈಬ್ರಾಯ್ಡ್, ಮೈಯಲ್ಲಿ ರಕ್ತವೇ ಇಲ್ಲ. ಮಾತ್ರೆ ಕೊಡಲಾ, ಇಂಜೆಕ್ಷನ್ ಕೊಡಲಾ, ಗರ್ಭಕೋಶ ತೆಗೆದೇಬಿಡಲಾ?” ಎಂದು ಒಂದೇ ಉಸಿರಿನಲ್ಲಿ ಕೇಳುತ್ತಾರೆ. ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ ಅದು. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಕೆಲಸಕ್ಕೆ ಸೇರಿದ್ದು ನಂಜನಗೂಡಿನಲ್ಲಿ. ಅಲ್ಲಿ ನನ್ನ ಮೇಲಿದ್ದ ಹಿರಿಯ ಡಾಕ್ಟರನ್ನು ಆಸ್ಪತ್ರೆಯವರೆಲ್ಲ ದೊಡ್ಡಮ್ಮೋರು ಎನ್ನುತ್ತಿದ್ದರು. ಎತ್ತರದ ಹೆಂಗಸು, ಮಾತು ಕಮ್ಮಿ, ಕೈ ಚುರುಕು. ಆಪರೇಷನ್ ನಡೆಯುವಾಗ ನಾನು ಏನಾದರೂ ಪ್ರಶ್ನೆ ಕೇಳಿದರೆ, “ಮೊದಲು ನೋಡಿ, ಆಮೇಲೆ ಕೇಳಿ” ಎನ್ನುವರು. ನೋಡಿ ಮುಗಿಸುವಷ್ಟರಲ್ಲಿ ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿರುತ್ತಿತ್ತು.

ಆಗ ನಮ್ಮಲ್ಲಿ ಸ್ಕ್ಯಾನಿಂಗ್ ಇರಲಿಲ್ಲ. ಕೈಯಿಂದ ಮುಟ್ಟಿ ನೋಡಿ, ಗಡ್ಡೆ ಎಷ್ಟು ತಿಂಗಳ ಬಸುರಿನಷ್ಟು ದೊಡ್ಡದು ಎಂದು ಅಂದಾಜು ಹೇಳುತ್ತಿದ್ದೆವು. ಗಡ್ಡೆ ಎಂದ ಕೂಡಲೇ ಕ್ಯಾನ್ಸರ್ ಎಂದು ಹೆದರುವವರಿದ್ದರು. ಅದು ಗರ್ಭಕೋಶದ ಸ್ನಾಯುವಿನಲ್ಲೇ ಹುಟ್ಟಿ ಬೆಳೆಯುವ ಗಂಟು, ಹೆಚ್ಚುಕಡಿಮೆ ಯಾವಾಗಲೂ ಕ್ಯಾನ್ಸರ್ ಅಲ್ಲ ಎಂದು ಹೇಳಿ ಹೇಳಿ ನಮ್ಮ ಬಾಯಿ ಒಣಗುತ್ತಿತ್ತು. ಮಕ್ಕಳಾಗಿ ಮುಗಿದ ಹೆಂಗಸಾದರೆ ಗರ್ಭಕೋಶ ತೆಗೆಯುವುದು, ಇನ್ನೂ ಮಗು ಬೇಕೆನ್ನುವವಳಾದರೆ ಪ್ರೊಜೆಸ್ಟರಾನ್ ಜಾತಿಯ ಮಾತ್ರೆ ಕೊಟ್ಟು ಕಾಯುವುದು ನಮ್ಮ ಪದ್ಧತಿ. ಗಡ್ಡೆಯನ್ನಷ್ಟೇ ಬಿಡಿಸಿ ಗರ್ಭಕೋಶ ಉಳಿಸುವ ಆಪರೇಷನ್‌ಗೆ ಮೈಸೂರಿಗೇ ಕಳಿಸಬೇಕಿತ್ತು.

ಮಾತ್ರೆಯಿಂದ ಎಷ್ಟೋ ಜನಕ್ಕೆ ರಕ್ತ ಹೋಗುವುದು ನಿಲ್ಲುತ್ತಿತ್ತು, ಅದು ಸುಳ್ಳಲ್ಲ. ಆದರೆ ಆರು ತಿಂಗಳು ಬಿಟ್ಟು ಬಂದವರಲ್ಲಿ ಕೆಲವರ ಗಡ್ಡೆ ಮೊದಲಿಗಿಂತ ದೊಡ್ಡದಾಗಿರುತ್ತಿತ್ತು. ಪುಸ್ತಕದಲ್ಲಿ ಓದಿದ್ದು ಬೇರೆ. ಗಡ್ಡೆಯನ್ನು ಬೆಳೆಸುವುದು ಈಸ್ಟ್ರೋಜನ್, ಪ್ರೊಜೆಸ್ಟರಾನ್ ಅದನ್ನು ತಡೆಯುವ ಹಾರ್ಮೋನು ಎಂದು ನಾವು ತಿಳಿದಿದ್ದೆವು. ಒಂದು ದಿನ ತಾಂಡವಪುರದಿಂದ ಬಂದಿದ್ದ ಒಬ್ಬಾಕೆಯನ್ನು ಪರೀಕ್ಷೆ ಮಾಡಿ, ದೊಡ್ಡಮ್ಮೋರು ಕೈ ತೊಳೆಯುತ್ತ ಅಂದರು: “ನಾವು ಇದಕ್ಕೆ ಔಷಧಿ ಕೊಡ್ತಾ ಇದ್ದೀವೋ, ಊಟ ಹಾಕ್ತಾ ಇದ್ದೀವೋ, ನನಗಂತೂ ಗೊತ್ತಾಗ್ತಿಲ್ಲ.” ತಮಾಷೆ ಎಂದುಕೊಂಡು ನಾನು ನಕ್ಕೆ. ಅವರು ನಗಲಿಲ್ಲ.

ಅವರ ಅನುಮಾನ ಸರಿಯಾಗಿತ್ತು. ಅವರು ರಿಟೈರ್ ಆಗಿ ಎಷ್ಟೋ ವರ್ಷದ ಮೇಲೆ, ಗಡ್ಡೆಯ ಜೀವಕೋಶಗಳ ಮೇಲೆ ನಡೆದ ಕೆಲಸದಿಂದ ವಿಷಯ ತಿಳಿಯಾಯಿತು. ಈಸ್ಟ್ರೋಜನ್ ಬಂದು ಆ ಜೀವಕೋಶಗಳಲ್ಲಿ ಪ್ರೊಜೆಸ್ಟರಾನ್ ಕೂರುವುದಕ್ಕೆ ಜಾಗ ಮಾಡಿಕೊಡುತ್ತದೆ. ಪ್ರೊಜೆಸ್ಟರಾನ್ ಅಲ್ಲಿ ಕೂತ ಮೇಲೆ ಜೀವಕೋಶ ಒಡೆದು ಎರಡಾಗುತ್ತದೆ, ಸಾಯಬೇಕಾದದ್ದು ಸಾಯದೆ ಉಳಿಯುತ್ತದೆ, ಸುತ್ತ ನಾರು ತುಂಬಿಕೊಂಡು ಗಂಟು ಗಟ್ಟಿಯಾಗುತ್ತದೆ. ಬೆಳೆಯಲು ಎರಡೂ ಬೇಕು. ವಯಸ್ಸಾಗಿ ಮುಟ್ಟು ನಿಂತು ಎರಡೂ ಇಳಿದ ಮೇಲೆ ಗಡ್ಡೆ ತಾನಾಗಿಯೇ ಕುಗ್ಗುತ್ತದೆ. ಹಾಗಾಗಿ ಬೆಳವಣಿಗೆ ತಗ್ಗಿಸಲು ಎರಡು ಬಗೆಯ ಔಷಧಿ ಬಂದವು. ಒಂದು ಬಗೆಯದು ಅಂಡಾಶಯದಲ್ಲಿ ಎರಡೂ ಹಾರ್ಮೋನು ತಯಾರಾಗುವುದನ್ನೇ ನಿಲ್ಲಿಸುತ್ತದೆ. ಇನ್ನೊಂದು ಜೀವಕೋಶದ ಮೇಲೆ ಪ್ರೊಜೆಸ್ಟರಾನ್ ಕೂರುವ ಜಾಗವನ್ನು ತಾನೇ ಹಿಡಿದುಕೊಂಡು ಅದಕ್ಕೆ ಎಡೆ ಕೊಡುವುದಿಲ್ಲ. ಎರಡರಲ್ಲೂ ಗಡ್ಡೆ ಕುಗ್ಗುತ್ತದೆ, ಮಾಯವಾಗುವುದಿಲ್ಲ. ಔಷಧಿ ನಿಲ್ಲಿಸಿದರೆ ಬಹಳ ಸಲ ಮತ್ತೆ ಬೆಳೆಯುತ್ತದೆ. ಇದನ್ನು ರೋಗಿಗೆ ಮೊದಲ ದಿನವೇ ಹೇಳಬೇಕು. ಹೇಳದೆ ಶುರುಮಾಡಿದರೆ ಆಮೇಲೆ ಆಕೆ ನಿಮ್ಮನ್ನು ನಂಬುವುದಿಲ್ಲ.

ಇನ್ನು ಮಂಜುಳಾಳ ವಿಷಯ. ಆ ಹೊತ್ತಿಗೆ ನನಗೆ ತಿ. ನರಸೀಪುರಕ್ಕೆ ವರ್ಗವಾಗಿತ್ತು, ಗಡ್ಡೆಯನ್ನಷ್ಟೇ ಬಿಡಿಸುವ ಆಪರೇಷನ್ ಅಲ್ಲೇ ಮಾಡುತ್ತಿದ್ದೆ. ಮಂಜುಳಾ ಸರ್ಕಾರಿ ಬಸ್ಸಿನ ಕಂಡಕ್ಟರ್, ನಂಜನಗೂಡು–ನರಸೀಪುರದ ಓಡಾಟ. ವಯಸ್ಸು ಮೂವತ್ತರ ಒಳಗೆ. ಹೆಮ್ಮರಗಾಲದಲ್ಲಿ ಗಂಡನ ಮನೆ. ಗಂಡ ಮಾದಪ್ಪ ಒಂದಿಷ್ಟು ಹೊಲ, ಎರಡು ಹಸು ನೋಡಿಕೊಂಡಿದ್ದ. ಮದುವೆಯಾಗಿ ಕೆಲವು ವರ್ಷವಾಗಿತ್ತು. ಒಂದು ಬಸುರು ನಿಂತು ಮೂರನೇ ತಿಂಗಳಿಗೆ ಹೋಗಿತ್ತು. ಮುಟ್ಟಾದರೆ ಎಂಟು ಹತ್ತು ದಿನ ರಕ್ತ ನಿಲ್ಲುತ್ತಿರಲಿಲ್ಲ. ಕಂಡಕ್ಟರ್ ಕೆಲಸ ನಿಂತೇ ಮಾಡುವಂಥದ್ದು. ದಾರಿಯಲ್ಲಿ ಬಟ್ಟೆ ಬದಲಾಯಿಸಲು ಜಾಗವಿಲ್ಲ. ಖಾಕಿ ಚೂಡಿದಾರದ ಒಳಗೆ ಎರಡು ಮೂರು ಸುತ್ತು ಬಟ್ಟೆ ಇಟ್ಟುಕೊಂಡು ಟಿಕೆಟ್ ಕೊಡುತ್ತಿದ್ದೆ ಎಂದಳು. ಅವಳ ಕಣ್ಣಿನ ರೆಪ್ಪೆ ಇಳಿಸಿ ನೋಡಿದರೆ ಒಳಗೆ ಸುಣ್ಣದ ಬಿಳುಪು.

ಸ್ಕ್ಯಾನ್‌ನಲ್ಲಿ ಮೂಸಂಬಿ ಹಣ್ಣಿನಷ್ಟು ದೊಡ್ಡ ಗಡ್ಡೆ ಕಂಡಿತು. ಗರ್ಭಕೋಶದ ಗೋಡೆಯಲ್ಲಿ ಕೂತು ಒಳಗಡೆಗೆ ಉಬ್ಬಿತ್ತು. ಜೊತೆಗೆ ಬಂದಿದ್ದವಳು ಅವಳ ಅತ್ತೆ ಚಿಕ್ಕತಾಯಮ್ಮ. ಹದಿನೇಳಕ್ಕೋ ಹದಿನೆಂಟಕ್ಕೋ ಮಗನನ್ನು ಹೆತ್ತವಳು, ಆಗ ಐವತ್ತರ ಆಸುಪಾಸು, ಗಟ್ಟಿ ಆಳು.

“ತಗ್ಸಾಕ್ಬುಡವ ಅಂತೀನಿ ಡಾಕ್ಟ್ರಮ್ಮ. ನಮ್ ಅಕ್ಕುನ್ ಮಗ್ಳು ತಗ್ಸಾಕುದ್ಲು, ಈಗ ಗುಂಡುಕಲ್ ಇದ್ದಂಗವ್ಳೆ. ಇವ್ಳು ನೋಡಿ, ಗಾಳಿ ಬಂದ್ರೆ ಬಿದ್ದೋಯ್ತಾಳೆ,” ಎಂದಳು ಚಿಕ್ಕತಾಯಮ್ಮ.

“ನಂಗೆ ಮಗು ಬೇಕು ಮೇಡಂ,” ಎಂದಳು ಮಂಜುಳಾ.

“ಮಗು ಯಾರ್ಗ್ ಬ್ಯಾಡ? ನೀ ಇದ್ರೆ ತಾನೆ ಮಗು?”

ಅತ್ತೆಯ ದನಿಯಲ್ಲಿ ಸಿಟ್ಟಿರಲಿಲ್ಲ, ಹೆದರಿಕೆ ಇತ್ತು. ಹೊಸಬರು ಇದನ್ನು ಗಮನಿಸಬೇಕು. ತೆಗೆಸಿ ಎನ್ನುವ ಅತ್ತೆಯರೆಲ್ಲ ಕೆಟ್ಟವರಲ್ಲ. ಅವರು ಊರಿನಲ್ಲಿ ರಕ್ತ ಹೋಗಿ ಸತ್ತವರನ್ನು ನೋಡಿರುತ್ತಾರೆ.

ಗಡ್ಡೆ ಮಾತ್ರ ತೆಗೆಯಲು ಅವಳ ಮೈಯಲ್ಲಿ ರಕ್ತವಿರಲಿಲ್ಲ. ಅದಕ್ಕೆ ನಾನು ಯೋಚಿಸಿದ್ದು ತಿಂಗಳಿಗೊಂದರಂತೆ ಮೂರು ಇಂಜೆಕ್ಷನ್. ಮುಟ್ಟು ನಿಲ್ಲುತ್ತದೆ, ಗಡ್ಡೆ ಕುಗ್ಗುತ್ತದೆ, ಅಷ್ಟರಲ್ಲಿ ಕಬ್ಬಿಣದ ಔಷಧಿ ಕೊಟ್ಟು ರಕ್ತ ಏರಿಸಬಹುದು, ಆಮೇಲೆ ಆಪರೇಷನ್. ಆ ಇಂಜೆಕ್ಷನ್ ನಮ್ಮ ಆಸ್ಪತ್ರೆಯಲ್ಲಿ ಇರಲಿಲ್ಲ. ಮಾದಪ್ಪ ಮೈಸೂರಿನಿಂದ ತಂದ.

ಅದು ಹೇಗೆ ಕೆಲಸ ಮಾಡುತ್ತದೆ ಎಂದು ಮಂಜುಳಾ ಕೇಳಿದಳು. ಎಲ್ಲರೂ ಕೇಳುವುದಿಲ್ಲ, ಕೇಳಿದವರಿಗೆ ಹೇಳದೆ ಇರಬಾರದು. ಮಿದುಳಿನ ಕೆಳಗೆ ಒಂದು ಸಣ್ಣ ಗ್ರಂಥಿ ಇದೆ, ಅಂಡಾಶಯ ಕೆಲಸ ಮಾಡುವುದು ಅದರ ಅಪ್ಪಣೆಯಂತೆ. ಆ ಗ್ರಂಥಿಗೆ ಮೇಲಿನಿಂದ ಆಗಾಗ, ಬಿಟ್ಟು ಬಿಟ್ಟು ಒಂದು ಸಂದೇಶ ಬರುತ್ತಿರುತ್ತದೆ. ಈ ಇಂಜೆಕ್ಷನ್ ಅದೇ ಸಂದೇಶವನ್ನು ಬಿಡುವಿಲ್ಲದೆ ಕೊಡುತ್ತದೆ. ಇಷ್ಟು ಹೇಳಿ ನಾನು ಕೇಳಿದೆ, “ನೀನು ಬಸ್ಸಿನಲ್ಲಿ ನಿಲ್ಲಿಸದೆ ಸೀಟಿ ಊದ್ತಾನೇ ಇದ್ರೆ ಡ್ರೈವರ್ ಏನ್ಮಾಡ್ತಾರೆ?”

“ಮೊದ್ಲು ಗಾಬ್ರಿ ಬಿದ್ದು ಬ್ರೇಕ್ ಒತ್ತಾರೆ ಮೇಡಂ. ಆಮೇಕೆ ಕಿವಿಗೇ ಆಕ್ಕೊಳಕಿಲ್ಲ.”

“ಅಷ್ಟೇ. ಆ ಗ್ರಂಥಿನೂ ಮೊದಲು ಗಾಬರಿ ಬೀಳುತ್ತೆ, ಹಾರ್ಮೋನು ಜಾಸ್ತಿ ಮಾಡಿಸುತ್ತೆ. ಎರಡು ಮೂರು ವಾರ ಕಳೆದ ಮೇಲೆ ಸುಮ್ಮನಾಗುತ್ತೆ. ಅಲ್ಲಿವರೆಗೂ ನಿನಗೆ ರಕ್ತ ಹೆಚ್ಚು ಹೋಗಬಹುದು. ರಜೆ ಹಾಕಿ ಮನೇಲಿರಬೇಕು.”

ಆಗಲಿ ಎಂದಳು. ಒಂದು ಬಾಟಲಿ ರಕ್ತ ಕೊಟ್ಟು, ಮೊದಲ ಇಂಜೆಕ್ಷನ್ ಹಾಕಿ, ರಕ್ತ ಕಟ್ಟುವ ಮಾತ್ರೆಯನ್ನೂ ಕೊಟ್ಟು ಕಳಿಸಿದೆ. ಒಂದು ವಾರ ಮನೆಯಲ್ಲಿದ್ದಳು. ಏನೂ ಆಗಲಿಲ್ಲವಲ್ಲ ಎಂದು ಎರಡನೇ ವಾರ ಡ್ಯೂಟಿಗೆ ಹೋದಳು.

ಅವತ್ತು ಮಧ್ಯಾಹ್ನಕ್ಕೆ ಮುಂಚೆ ನಾನು ಹೊರರೋಗಿಗಳನ್ನು ನೋಡುತ್ತಿದ್ದೆ. ಆಸ್ಪತ್ರೆಯ ಗೇಟಿನ ಹತ್ತಿರ ಬಸ್ಸಿನ ಹಾರನ್ ಕೇಳಿತು. ಕಿಟಕಿಯಲ್ಲಿ ನೋಡಿದರೆ ಸರ್ಕಾರಿ ಬಸ್ಸು, ಜನ ತುಂಬಿಕೊಂಡೇ, ಕಾಂಪೌಂಡಿನ ಒಳಕ್ಕೆ ಬರುತ್ತಿದೆ. ಊರು ಇನ್ನೂ ಸ್ವಲ್ಪ ದೂರ ಇರುವಾಗಲೇ ಮಂಜುಳಾ ಕುಸಿದು ಬಿದ್ದಿದ್ದಳಂತೆ. ಡ್ರೈವರ್ ಬಸ್‌ಸ್ಟ್ಯಾಂಡಿಗೆ ಹೋಗದೆ ನೇರ ಆಸ್ಪತ್ರೆಗೇ ತಿರುಗಿಸಿಬಿಟ್ಟಿದ್ದ. ಇಬ್ಬರು ಹೆಂಗಸರು ಅವಳನ್ನು ಹಿಡಿದು ಇಳಿಸಿದರು. ಒಬ್ಬಾಕೆ ತನ್ನ ಹೊಸ ಟವೆಲನ್ನೇ ಅವಳ ಸೊಂಟಕ್ಕೆ ಸುತ್ತಿದ್ದಳು. ಬಟ್ಟೆಯೆಲ್ಲ ರಕ್ತ. ಆ ಸ್ಥಿತಿಯಲ್ಲೂ ಟಿಕೆಟ್ ಮಿಷನ್ ಎದೆಗೆ ಒತ್ತಿಕೊಂಡಿದ್ದಳು. “ಡ್ರೈವರಣ್ಣ, ಮಿಷನ್ ಇಸ್ಕೊಳಿ,” ಎಂದು ಹೇಳಿದ ಮೇಲೆ ಕಣ್ಣು ಮುಚ್ಚಿದಳು.

ನನ್ನ ಜೊತೆ ಡಾಕ್ಟರ್ ದೀಪ್ತಿ ಇದ್ದಳು. ಆಗಷ್ಟೇ ಓದು ಮುಗಿಸಿ ಬಂದಿದ್ದ ಹುಡುಗಿ, ಬುದ್ಧಿವಂತೆ. ಇಬ್ಬರೂ ಸೇರಿ ಡ್ರಿಪ್ ಹಾಕಿದೆವು, ರಕ್ತ ಕಟ್ಟುವ ಇಂಜೆಕ್ಷನ್ ಕೊಟ್ಟೆವು. ನಾಡಿ ಓಡುತ್ತಿತ್ತು, ಬಿ.ಪಿ. ಕೆಳಗಿತ್ತು. ರಕ್ತ ತರಲು ಆಂಬುಲೆನ್ಸ್ ಮೈಸೂರಿಗೆ ಹೋಯಿತು. ದೀಪ್ತಿ ನನ್ನನ್ನು ಬಾಗಿಲ ಬಳಿ ಕರೆದು, “ಮೇಡಂ, ಅನಸ್ತೇಷಿಯಾ ಡಾಕ್ಟರು ಸಂಜೆವರೆಗೂ ಇರ್ತಾರೆ. ರಕ್ತ ಬಂದ ಕೂಡಲೇ ಗರ್ಭಕೋಶ ತೆಗೆದುಬಿಡೋಣ. ಕಾಯೋದು ತಪ್ಪು,” ಎಂದಳು.

ಅವಳ ಮಾತು ತೆಗೆದುಹಾಕುವಂಥದ್ದಲ್ಲ. ನಾನು ಹೇಳಿದೆ: “ಇದು ಗಡ್ಡೆ ಬೆಳೆದು ಆಗಿರೋದಲ್ಲ, ಇಂಜೆಕ್ಷನ್‌ನ ಮೊದಲ ಹೊಡೆತ. ಇದನ್ನ ದಾಟಿದ್ರೆ ಆಮೇಲೆ ಮುಟ್ಟೇ ಇರಲ್ಲ.”

“ದಾಟದೆ ಹೋದ್ರೆ?”

“ತೆಗೆಯೋಣ. ನಾನೇ ತೆಗೀತೀನಿ.”

ಅಷ್ಟರಲ್ಲಿ ಅತ್ತೆ, ಮಗ ಇಬ್ಬರೂ ಬೈಕಿನಲ್ಲಿ ಬಂದಿಳಿದರು. ಚಿಕ್ಕತಾಯಮ್ಮ ಸೊಸೆಯ ಕಾಲು ಮುಟ್ಟಿ ನೋಡಿದಳು. ಕಾಲು ತಣ್ಣಗಿತ್ತು. “ತಗ್ದಾಕ್ಬುಡಿ ತಾಯಿ, ನಿಮ್ ಕೈ ಮುಗಿತೀನಿ. ನಂಗ್ ಮೊಮ್ಮಕ್ಕ್ಳು ಬ್ಯಾಡ,” ಎಂದು ಅಳತೊಡಗಿದಳು. ಮಾದಪ್ಪ ಗೋಡೆಗೆ ಒರಗಿ ನಿಂತುಬಿಟ್ಟ. ಕೇಳಿದರೆ, “ಅವ್ಳ್ ಏನಂತಾಳೋ ಕೇಳಿ ಮೇಡಂ,” ಎಂದ.

ಮಂಜುಳಾಗೆ ಅಷ್ಟೊತ್ತಿಗೆ ಎಚ್ಚರವಿತ್ತು. ಇದ್ದದ್ದನ್ನು ಇದ್ದಂತೆ ಹೇಳಿದೆ. ಗರ್ಭಕೋಶದ ಒಳಗೆ ಒಂದು ಸಣ್ಣ ಬಲೂನು ಇಟ್ಟು, ಅದಕ್ಕೆ ನೀರು ತುಂಬಿಸಿ, ರಕ್ತ ಬರುವ ಜಾಗವನ್ನು ಒತ್ತಿ ಹಿಡಿಯುತ್ತೇವೆ. ಎರಡು ಬಾಟಲಿ ರಕ್ತ ಕೊಡುತ್ತೇವೆ. ಸಂಜೆಯೊಳಗೆ ಕಮ್ಮಿಯಾದರೆ ಸರಿ, ಆಗದಿದ್ದರೆ ತೆಗೆಯಲೇಬೇಕು. ಆಗ ಮತ್ತೆ ನಿನ್ನನ್ನು ಕೇಳುವಷ್ಟು ಹೊತ್ತು ಇರುವುದಿಲ್ಲ.

“ಸಂಜೆಗಂಟ ನೋಡಿ ಮೇಡಂ. ಆಗ್ನಿಲ್ಲ ಅಂದ್ರೆ ತಗೀರಿ. ನಾ ಅಳಾಕಿಲ್ಲ,” ಎಂದಳು. ರುಜು ಹಾಕಿದಳು.

ಬಲೂನು ಇಟ್ಟೆವು. ಮೊದಲ ಬಾಟಲಿ ಹೋಗುತ್ತಿದ್ದಾಗ ಬಟ್ಟೆ ಇನ್ನೂ ನೆನೆಯುತ್ತಿತ್ತು. ದೀಪ್ತಿ ಹೋಗಿ ಆಪರೇಷನ್ ಥಿಯೇಟರಿನಲ್ಲಿ ಎಲ್ಲ ಸಿದ್ಧ ಮಾಡಿಸಿ ಬಂದಳು. ನಾನು ಬೇಡ ಎನ್ನಲಿಲ್ಲ. ಎರಡನೇ ಬಾಟಲಿ ಅರ್ಧಕ್ಕೆ ಬಂದಾಗ ಹಾಸಿದ ಬಟ್ಟೆ ಬದಲಾಯಿಸಿದೆವು. ಹೊಸ ಬಟ್ಟೆ ತುಂಬ ಹೊತ್ತು ನೆನೆಯಲಿಲ್ಲ. ನಾಡಿ ಇಳಿಯಿತು. ಅನಸ್ತೇಷಿಯಾ ಡಾಕ್ಟರು ಬಂದು ಬಗ್ಗಿ ನೋಡಿ, “ನಾನು ಹೋಗಬಹುದಾ?” ಎಂದರು. ದೀಪ್ತಿಯ ಮುಖ ನೋಡಿದೆ. “ಹೋಗಿ ಸರ್,” ಎಂದಳು ಅವಳೇ. ಬೆಳಕಿರುವಾಗಲೇ ಈ ನಿರ್ಧಾರವಾದದ್ದು ನಮ್ಮ ಅದೃಷ್ಟ.

ಅಲ್ಲಿಂದ ಮುಂದೆ ಇಂಜೆಕ್ಷನ್ ತನ್ನ ಕೆಲಸ ಶುರುಮಾಡಿತು. ಮುಟ್ಟು ನಿಂತಿತು. ಕಬ್ಬಿಣ ಹಿಡಿಯಿತು, ಕೆನ್ನೆಗೆ ಬಣ್ಣ ಬಂತು. ಆದರೆ ಈಸ್ಟ್ರೋಜನ್ ಇಳಿದರೆ ಮೈ ಸುಮ್ಮನಿರುವುದಿಲ್ಲ. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಬರುವ ಉಪದ್ರವವೆಲ್ಲ ಮೂವತ್ತು ತುಂಬದ ಹುಡುಗಿಗೆ ಬಂತು. ಇದ್ದಕ್ಕಿದ್ದಂತೆ ಮೈ ಕಾವೇರುವುದು, ಬೆವರು, ನಿದ್ದೆಗೇಡು, ಸುಮ್ಮಸುಮ್ಮನೆ ಅಳು. ಚಳಿಗಾಲದ ಬೆಳಗ್ಗೆ ಬಸ್ಸಿನ ಕಿಟಕಿಗಳನ್ನೆಲ್ಲ ಸರಿಸುತ್ತ ಹೋಗುತ್ತಿದ್ದಳಂತೆ. ಹಿಂದಿನಿಂದ ಜನ, “ಮುಚ್ಚವ್ವೋ, ನಡುಗಿ ಸಾಯ್ತೀವಿ,” ಎಂದು ಕೂಗುತ್ತಿದ್ದರಂತೆ. ಮೂರನೇ ಇಂಜೆಕ್ಷನ್‌ಗೆ ಬಂದವಳು ಸೋತುಹೋಗಿದ್ದಳು. “ನಂಗೆ ಇದು ಸಾಕು ಮೇಡಂ,” ಎಂದಳು.

ಆ ಮಾತಿಗೆ ಉತ್ತರ ಕೊಟ್ಟದ್ದು ಚಿಕ್ಕತಾಯಮ್ಮ. ಅವಳಿಗೂ ಆ ವರ್ಷವೇ ಮುಟ್ಟು ನಿಲ್ಲುತ್ತಿತ್ತು. ಮೈ ಕಾವೇರುವುದು ಅವಳಿಗೂ ಇತ್ತು. ಮಗನಿಗೆ, ನೆರೆಯವರಿಗೆ ಹೇಳಿಕೊಳ್ಳುವ ಮಾತಲ್ಲವೆಂದು ಒಬ್ಬಳೇ ಅನುಭವಿಸಿದ್ದಳು. ಸೊಸೆ ಬೆವರಿ ಎದ್ದು ಕೂತದ್ದನ್ನು ನೋಡಿದ ದಿನ ಅವಳಿಗೆ ಹೊಳೆಯಿತಂತೆ.

“ಇವ್ಳ್ದೂ ನಂದೂ ಒಂದೇ ಕಾಯ್ಲೆ ಕಣವ್ವ ಡಾಕ್ಟ್ರಮ್ಮ. ಇಬ್ರೂ ಎದ್ದು ಜಗಲಿ ಮೇಲೆ ಕುಂತ್ಕತೀವಿ. ಮಜ್ಜಿಗೆ ಕುಡೀತೀವಿ. ನನ್ ಮಗ ಇವ್ಕೇನ್ ಬಂತು ಅಂತ ನೋಡ್ತಾನೆ,” ಎಂದು ನಕ್ಕಳು. ಆಮೇಲೆ ಸೊಸೆಯ ಕಡೆ ತಿರುಗಿ, “ನಂದು ಇನ್ನೆಷ್ಟೊರ್ಸವೋ. ನಿಂದು ಇನ್ನೊಂದ್ ತಿಂಗ್ಳು. ತಡ್ಕೊ,” ಎಂದಳು.

ಮಂಜುಳಾ ತೋಳು ಚಾಚಿದಳು.

ಇಲ್ಲಿ ಹೊಸಬರಿಗೆ ಒಂದು ಎಚ್ಚರಿಕೆ. ಈ ಇಂಜೆಕ್ಷನ್ ಒಗ್ಗಿತೆಂದು ಎಳೆದುಕೊಂಡು ಹೋಗಬೇಡಿ. ಬರೀ ಇದನ್ನೇ ಆರು ತಿಂಗಳು ದಾಟಿ ಕೊಟ್ಟರೆ ಮೂಳೆ ಸವೆಯುತ್ತದೆ. ಪ್ರೊಜೆಸ್ಟರಾನ್ ಕೂರುವ ಜಾಗ ಹಿಡಿಯುವ ಮಾತ್ರೆಗಳಿಗೂ ಅವುಗಳದೇ ತೊಂದರೆ ಇದೆ. ಅಂಥ ಒಂದು ಮಾತ್ರೆ ಚೆನ್ನಾಗಿ ಕೆಲಸ ಮಾಡುತ್ತದೆಂದು ನಾವೆಲ್ಲ ಸಂತೋಷಪಟ್ಟಿದ್ದೆವು. ಕೆಲವರಿಗೆ ಪಿತ್ತಜನಕಾಂಗ ಕೆಟ್ಟದ್ದು ಗೊತ್ತಾಗಿ ಅದನ್ನು ಬದಿಗಿಡಬೇಕಾಯಿತು. ಮೊದಲ ಹೊಡೆತವಿಲ್ಲದೆ ನೇರವಾಗಿ ಹಾರ್ಮೋನು ತಗ್ಗಿಸುವ ಮಾತ್ರೆಗಳೂ ಈಗ ಬಂದಿವೆ ಎಂದು ಓದುತ್ತೇನೆ. ಅವು ಆಗ ಇದ್ದಿದ್ದರೆ ಆ ಬಸ್ಸು ನಮ್ಮ ಕಾಂಪೌಂಡಿಗೆ ಬರುತ್ತಿರಲಿಲ್ಲ.

ಮೂರು ತಿಂಗಳಾದ ಮೇಲೆ ಸ್ಕ್ಯಾನ್ ಮಾಡಿದೆವು. ಮೂಸಂಬಿಯಷ್ಟಿದ್ದದ್ದು ದೊಡ್ಡ ನಿಂಬೆಹಣ್ಣಿನ ಅಳತೆಗೆ ಬಂದಿತ್ತು. ರಕ್ತ ಆಪರೇಷನ್‌ಗೆ ಸಾಕಾಗುವಷ್ಟಿತ್ತು. ಕೆಲಸ ಸುಲಭವಾಯಿತು ಎಂದುಕೊಂಡು ದೀಪ್ತಿ ಉತ್ಸಾಹದಿಂದ ಆಪರೇಷನ್ ಟೇಬಲಿನ ಆಚೆ, ನನ್ನ ಎದುರು ನಿಂತಳು.

ಸುಲಭವಾಗಲಿಲ್ಲ. ಔಷಧಿ ಕೊಡದ ಗಡ್ಡೆಗೆ ಸುತ್ತ ಒಂದು ಪೊರೆಯಂಥ ಅಂಚಿರುತ್ತದೆ. ಅದು ಸಿಕ್ಕರೆ ಸುಲಿದ ಹಾಗೆ ಬಿಡಿಸಿಕೊಂಡು ಬರುತ್ತದೆ. ಔಷಧಿಯಿಂದ ಕುಗ್ಗಿದ ಗಡ್ಡೆ ಮೆತ್ತಗಾಗಿ, ಆ ಅಂಚು ಕೆಲವೊಮ್ಮೆ ಗರ್ಭಕೋಶದ ಗೋಡೆಯ ಜೊತೆ ಕಲಸಿಹೋಗಿರುತ್ತದೆ. ಮಂಜುಳಾಗೆ ಹಾಗೇ ಆಗಿತ್ತು. ಯಾವುದು ಗಡ್ಡೆ, ಯಾವುದು ಗರ್ಭಕೋಶ ಎಂದು ಬೆರಳಿಗೆ ತಿಳಿಯುತ್ತಿರಲಿಲ್ಲ. ಹೆಚ್ಚು ಕೆತ್ತಿದರೆ ಗೋಡೆ ತೆಳ್ಳಗಾಗಿ ಮುಂದೆ ಬಸುರಿನಲ್ಲಿ ಒಡೆಯಬಹುದು. ಕಮ್ಮಿ ತೆಗೆದರೆ ಉಳಿದದ್ದು ಬೆಳೆಯುತ್ತದೆ.

“ಮೇಡಂ, ತುಂಬ ಹೊತ್ತಾಯ್ತು,” ಎಂದಳು ದೀಪ್ತಿ.

“ಆಗಲಿ. ರಕ್ತ ಹೋಗ್ತಾ ಇಲ್ಲ, ಅವಸರ ಏನಿದೆ?”

ಔಷಧಿಯ ಪುಣ್ಯದಿಂದ ರಕ್ತನಾಳಗಳು ಸಣ್ಣಗಾಗಿದ್ದವು, ಅಷ್ಟು ಅನುಕೂಲ. ಸ್ವಲ್ಪ ಸ್ವಲ್ಪವೇ ಬಿಡಿಸುತ್ತ ಹೋದೆ. ಒಂದು ಕಡೆ ನನ್ನ ಬೆರಳಿಗೆ ಸಿಗದ ಅಂಚು ದೀಪ್ತಿಯ ಕಡೆಯಿಂದ ಅವಳಿಗೆ ಕಂಡಿತು. ಅಲ್ಲಿಂದ ಅವಳೇ ಬಿಡಿಸಿದಳು. ಗಡ್ಡೆ ಹೊರಗೆ ಬಂದ ಮೇಲೆ ಗೋಡೆಯನ್ನು ಪದರ ಪದರವಾಗಿ ಹೊಲಿದೆವು. ಬಾಗಿಲಾಚೆ ಕಾಯುತ್ತಿದ್ದವರಿಗೆ ಗರ್ಭಕೋಶ ಉಳಿದಿದೆ ಎಂದು ಹೇಳಿದಾಗ, ಮಾದಪ್ಪ ಮೊದಲ ಸಲ ನನ್ನೆದುರು ಬೆಂಚಿನ ಮೇಲೆ ಕೂತ.

ಇನ್ನು ಕೆಲವು ತಿಂಗಳು ಬಸುರಾಗಬೇಡ, ಹೊಲಿಗೆ ಗಟ್ಟಿಯಾಗಲಿ ಎಂದು ಹೇಳಿ ಕಳಿಸಿದೆ. ಈ ಸಲ ಮಾತು ಕೇಳಿದಳು. ಮುಟ್ಟು ಮತ್ತೆ ಶುರುವಾಯಿತು, ಮೂರು ನಾಲ್ಕು ದಿನಕ್ಕೆ ನಿಲ್ಲುವಂಥದ್ದು. ಅವಳ ಬಸ್ಸಿನಲ್ಲಿ ನಾನೇ ಒಂದೆರಡು ಸಲ ನಂಜನಗೂಡಿಗೆ ಹೋದೆ. ಟಿಕೆಟ್ ಹರಿದು ಕೊಟ್ಟೇ ತೀರುತ್ತಿದ್ದಳು, ಅದರಲ್ಲಿ ರಿಯಾಯಿತಿ ಇಲ್ಲ. ವರ್ಷದ ಮೇಲೂ ಏನೂ ಆಗದಿದ್ದಾಗ ಅವಳು ಆ ವಿಷಯ ಎತ್ತುವುದನ್ನೇ ಬಿಟ್ಟಳು, ನಾನೂ ಎತ್ತಲಿಲ್ಲ. ಆಮೇಲೆ ಒಂದು ದಿನ ಖಾಕಿ ಬಟ್ಟೆಯಲ್ಲೇ ಓಪಿಡಿ ಬಾಗಿಲಲ್ಲಿ ಬಂದು ನಿಂತಳು. “ಎರಡ್ ತಿಂಗ್ಳಾಯ್ತು ಮೇಡಂ,” ಎಂದಳು. ಮುಖ ನೋಡಿದರೆ ಸಂತೋಷಕ್ಕಿಂತ ಭಯವೇ ಹೆಚ್ಚಿತ್ತು. ಹಿಂದಿನದು ಮೂರನೇ ತಿಂಗಳಿಗೆ ಹೋಗಿತ್ತಲ್ಲ. ಮೂರು ದಾಟಿತು, ಐದು ದಾಟಿತು. ಗರ್ಭಕೋಶಕ್ಕೆ ಹೊಲಿಗೆ ಬಿದ್ದಿದ್ದರಿಂದ ನೋವು ಬರುವವರೆಗೆ ಕಾಯದೆ ಸಿಸೇರಿಯನ್ ಮಾಡುವುದೆಂದು ಮೊದಲೇ ತೀರ್ಮಾನವಾಗಿತ್ತು. ಆ ಆಪರೇಷನ್ ದೀಪ್ತಿ ಮಾಡಿದಳು, ನಾನು ಎದುರು ನಿಂತೆ. ನನ್ನ ಸರ್ವೀಸಿನ ಕೊನೆಯ ವರ್ಷ ಅದು.

ಹೆಣ್ಣು ಮಗು. ಒಳ್ಳೆಯ ಗಂಟಲು. ಹಳೆಯ ಹೊಲಿಗೆಯ ಗೋಡೆ ಗಟ್ಟಿಯಾಗಿ ನಿಂತಿತ್ತು. ಆದರೆ ಗರ್ಭಕೋಶದ ಹಿಂಬದಿಯಲ್ಲಿ ಒಂದು ಹೊಸ ಗಂಟು ಬೆರಳಿಗೆ ತಗುಲಿತು. ಅದನ್ನು ಮುಟ್ಟದೆ ಹೊಲಿದೆವು.

ಮಗುವನ್ನು ಬಟ್ಟೆಯಲ್ಲಿ ಸುತ್ತಿ ನಾನೇ ಹೊರಗೆ ತಂದೆ. ಚಿಕ್ಕತಾಯಮ್ಮ ಎದ್ದು ಬಂದಳು. ಕೈ ಮುಂದೆ ಮಾಡಲಿಲ್ಲ. ಮಗುವಿನ ಮುಖವನ್ನೂ ನೋಡಲಿಲ್ಲ.

“ನನ್ ಸೊಸೆ?”

“ಚೆನ್ನಾಗಿದ್ದಾಳೆ. ಎಚ್ಚರವಾಗೇ ಇದ್ದಾಳೆ.”

“ಒಳ್ಗೆ ಗಡ್ಡೆ ಇನ್ನೇನೂ ಇರ್ನಿಲ್ವಾ?”

ಸುಳ್ಳು ಹೇಳಬಹುದಿತ್ತು. “ಒಂದಿದೆ. ಕಡ್ಲೆಕಾಳಷ್ಟು. ಈಗ ಏನೂ ತೊಂದರೆ ಇಲ್ಲ,” ಎಂದೆ.



“ಇರ್ಲಿ ಬುಡಿ ಡಾಕ್ಟ್ರಮ್ಮ. ಅದ್ಕೂ ಒಂದಿನ ನನ್ನಂಗೆ ವಯ್ಸಾಯ್ತದೆ,” ಎಂದಳು. ಆಮೇಲೆ ಸೆರಗಿಗೆ ಕೈ ಒರಸಿಕೊಂಡು ಎರಡೂ ಕೈ ಚಾಚಿದಳು. “ಈಗ ಕೊಡಿ ಇತ್ಲಾಗೆ.”